ಶುಕ್ರವಾರ ಹೊರಗೆ ಹೋಗದ ದುಡ್ಡು

ನಮ್ಮ ಮನೆಯಲ್ಲಿ ಶುಕ್ರವಾರ ದುಡ್ಡು ಹೊರಗೆ ಹೋಗುವುದಿಲ್ಲ. ಹಾಲಿನವನಿಗೆ, ಇಸ್ತ್ರಿಯವನಿಗೆ, ಸೊಸೈಟಿಯ ಮೇಂಟೆನೆನ್ಸಿಗೆ, ಯಾರಿಗೂ ಇಲ್ಲ. ಕೊಡುವುದಿದ್ದರೆ ಗುರುವಾರವೇ ಕೊಟ್ಟು ಮುಗಿಸಬೇಕು, ಇಲ್ಲವೇ ಅವರು ಶನಿವಾರದವರೆಗೆ ಕಾಯಬೇಕು. ಇದು ನಮ್ಮ ಅತ್ತೆಯವರು ಧಾರವಾಡದಿಂದ ಮುಲುಂಡಿಗೆ ತಂದ ಪದ್ಧತಿ. ಅವರು ಹೋಗಿ ಎಷ್ಟೋ ವರ್ಷವಾಯಿತು, ಪದ್ಧತಿ ಮಾತ್ರ ಗಟ್ಟಿಯಾಗಿ ಕೂತಿದೆ. ಶುಕ್ರವಾರ ಲಕ್ಷ್ಮಿಯನ್ನು ಹೊಸ್ತಿಲು ದಾಟಿಸಬಾರದಂತೆ. ನಾನೂ ಅದನ್ನು ಇಷ್ಟು ವರ್ಷ ನಡೆಸಿಕೊಂಡು ಬಂದವಳೇ, ಸುಳ್ಳು ಹೇಳುವುದಿಲ್ಲ. ಆದರೆ ಆ ಪದ್ಧತಿಯ ಹೆಸರಿನಲ್ಲಿ ನನ್ನ ಷೇರುಗಳನ್ನು ಕಳೆದ ಮನುಷ್ಯನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಇದನ್ನು ಬರೆಯುತ್ತಲೂ ಇಲ್ಲ.

ಆ ಮನುಷ್ಯ ಬೇರೆ ಯಾರೂ ಅಲ್ಲ, ನನ್ನ ಗಂಡ.

ಷೇರು ಎಲ್ಲಿಂದ ಬಂತು ಎಂದು ಮೊದಲು ಹೇಳಬೇಕು. ಜೋಗೇಶ್ವರಿಯಲ್ಲಿ ವಾಲ್ವು ಮಾಡುವ ಒಂದು ಕಂಪನಿಯ ಡಿಸ್ಪ್ಯಾಚ್ ಆಫೀಸಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಚಲನ್ ಟೈಪ್ ಮಾಡಿದೆ. ಮುಲುಂಡಿನಿಂದ ದಾದರಿಗೆ ಒಂದು ಲೋಕಲ್, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೋಕಲ್. ಮಧ್ಯಾಹ್ನದ ಊಟಕ್ಕೆ ಹೆಂಗಸರಿಗೆ ಒಂದು ಕೋಣೆ ಇರಲಿಲ್ಲ. ಸಾಗಿಸಲು ಕಟ್ಟಿಟ್ಟ ಮರದ ಪೆಟ್ಟಿಗೆಗಳ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು, ಮೊಳೆ ಎಲ್ಲಿದೆ ಎಂದು ಕೈಯಾಡಿಸಿ ನೋಡಿಕೊಂಡು. ಎಷ್ಟು ಸೀರೆಯ ಅಂಚು ಹರಿದಿದೆಯೋ ಲೆಕ್ಕವಿಲ್ಲ.

ಕಂಪನಿ ಷೇರು ಮಾರುಕಟ್ಟೆಗೆ ಬಂದ ವರ್ಷ ನೌಕರರಿಗೂ ಒಂದಿಷ್ಟು ಕಡಿಮೆ ಬೆಲೆಗೆ ಕೊಡುತ್ತೇವೆ ಅಂದರು. ನಾನು ಮನೆಗೆ ಬಂದು ಹೇಳಿದರೆ ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಆ ಕಾಗದ ತಗೊಂಡು ಏನ್ ಉಪ್ಪಿನಕಾಯಿ ಹಾಕ್ತೀಯೇನು?" ಅಂದರು. ಮೂರು ತಿಂಗಳು ರಾತ್ರಿ ಎಂಟರವರೆಗೆ ಓವರ್‌ಟೈಮ್ ಮಾಡಿ, ಆ ದುಡ್ಡಿನಲ್ಲೇ ಅಷ್ಟನ್ನೂ ತೆಗೆದುಕೊಂಡೆ. ಮುಂದೆ ಅದಕ್ಕೆ ಬೋನಸ್ ಷೇರು ಸೇರಿತು, ಮತ್ತೊಮ್ಮೆ ಸೇರಿತು. ವರ್ಷಕ್ಕೆ ಎರಡು ಸಲ ಡಿವಿಡೆಂಡ್. ಮೊದಲು ಪೋಸ್ಟಿನಲ್ಲಿ ಕಾಗದ ಬರುತ್ತಿತ್ತು, ಆಮೇಲೆ ಫೋನಿನಲ್ಲಿ ಮೆಸೇಜು. ನಾನು ಒಂದು ಷೇರನ್ನೂ ಮಾರಲಿಲ್ಲ.

ಫ್ಲ್ಯಾಟು ಇವರ ಹೆಸರಿನಲ್ಲಿ. ಎಫ್‌ಡಿಗಳು ಇವರವು, ನಾನು ಬರೀ ಎರಡನೇ ಹೆಸರು. ಈ ಮನೆಯಲ್ಲಿ ನನ್ನೊಬ್ಬಳ ಹೆಸರಿನಲ್ಲಿ ಇದ್ದದ್ದು ಆ ಷೇರುಗಳು ಮಾತ್ರ. ಡಿವಿಡೆಂಡಿನ ದುಡ್ಡು ಬಂದಾಗ ಯಾರನ್ನೂ ಕೇಳದೆ ಖರ್ಚು ಮಾಡುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ವರ್ಷಕ್ಕೊಮ್ಮೆ ಕಂಪನಿಯ ವಾರ್ಷಿಕ ಸಭೆಗೆ ಹೋಗುತ್ತಿದ್ದೆ. ಯಾವ ಯಜಮಾನರ ಮುಂದೆ ಇಪ್ಪತ್ತೆಂಟು ವರ್ಷ "ಎಸ್ ಸರ್" ಅಂದಿದ್ದೆನೋ, ಅವರು ಅಲ್ಲಿ ವೇದಿಕೆಯ ಮೇಲೆ ಕೂತು ನನ್ನನ್ನು "ನಮ್ಮ ಗೌರವಾನ್ವಿತ ಷೇರುದಾರರು" ಅನ್ನಬೇಕು! ನಿವೃತ್ತಿಯಾದ ಮೇಲೆ ಪ್ರತಿ ಸಭೆಯಲ್ಲೂ ಎದ್ದು ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದೆ. ಜೋಗೇಶ್ವರಿಯ ಡಿಸ್ಪ್ಯಾಚಿನ ಹೆಂಗಸರಿಗೆ ಊಟದ ಕೋಣೆ ಯಾವಾಗ? ಮೊದಲ ವರ್ಷ ನಕ್ಕರು. ಎರಡನೇ ವರ್ಷ ಬರೆದುಕೊಂಡಿದ್ದೇವೆ ಅಂದರು. ಹೋದ ವರ್ಷ, "ಮುಂದಿನ ಸಭೆಯಲ್ಲಿ ಖಂಡಿತ ಉತ್ತರ ಕೊಡುತ್ತೇವೆ" ಅಂದರು. ಈಗಲೂ ಅಲ್ಲಿ ಕೆಲಸ ಮಾಡುವ ನನ್ನ ಹಳೇ ಗೆಳತಿ ಅದನ್ನು ಕೇಳಿ, "ಈ ಸಲ ಬಿಡಬ್ಯಾಡ ನೋಡು" ಅಂದಿದ್ದಳು. ನಾನೂ ಬಿಡುವವಳಾಗಿರಲಿಲ್ಲ.

ಇನ್ನು ಇವರ ಕಥೆ. ಇವರು ನಿವೃತ್ತರಾದ ಮೇಲೆ ಸೊಸೈಟಿಯ ತೋಟದ ಬೆಂಚು ಇವರಿಗೆ ಆಫೀಸಾಯಿತು. ಅಲ್ಲಿ ಬೆಂಗಳೂರು ಕಡೆಯ ಒಬ್ಬ ಮಹನೀಯರು, ಬ್ಯಾಂಕಿನಲ್ಲಿದ್ದವರು. ಫೋನಿನಲ್ಲಿ ಹಸಿರು ಕೆಂಪು ಗೆರೆ ನೋಡುತ್ತ ಅವರು ಹೇಳಿದ್ದೇ ವೇದ. ಅವರ ಉಪದೇಶವನ್ನು ನಾನೇ ಕಿವಿಯಾರೆ ಕೇಳಿದ್ದೆ, ಒಂದು ಸಂಜೆ ಕೊತ್ತಂಬರಿ ತಂದು ಬೆಂಚಿನ ಹಿಂದಿನಿಂದ ಬರುವಾಗ.

"ಸಾರ್, ಡಿವಿಡೆಂಡು ಹತ್ರ ಬಂದಂಗೆ ಎಲ್ರೂ ಕೊಳ್ಳಕ್ಕೆ ನುಗ್ತಾರೆ, ರೇಟು ಏರತ್ತೆ. ಏರಿದಾಗ ಮಾರ್‌ಬಿಡಿ. ಕೊನೇ ದಿವಸ ಒಂಚೂರು ಇಳಿಯತ್ತೆ ನೋಡಿ, ಆಗ ವಾಪಸ್ ತಗೊಳ್ಳಿ. ಡಿವಿಡೆಂಡೂ ಬಂತು, ಷೇರೂ ನಾಲ್ಕು ಜಾಸ್ತಿ ಆಯ್ತು. ಸುಮ್ನೆ ಇಟ್ಕೊಂಡು ಪೂಜೆ ಮಾಡಿದ್ರೆ ಏನ್ ಬರತ್ತೆ?"

ಇವರು ತಲೆ ಆಡಿಸಿದ್ದೇ ಆಡಿಸಿದ್ದು. ಅಂದು ಕಾಗದ ಅಂದವರು ಇಂದು ಅದೇ ಕಾಗದದ ಪಂಡಿತರಾಗಿಬಿಟ್ಟಿದ್ದರು. ಮನೆಯಲ್ಲಿ ಎರಡು ಮೂರು ಸಲ, "ನಿನ್ನ ಷೇರು ಸುಮ್ಮ ಮಲಗ್ಯಾವ, ಸ್ವಲ್ಪ ತಿರುಗಿಸಿದ್ರ ಬೆಳೀತಾವ" ಅಂದರು. "ಅವು ಮಲಗಿದ್ರ ಮಲಗ್ಲಿ, ಎಬ್ಬಿಸಬ್ಯಾಡ್ರಿ" ಅಂದೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು!

ಗುರುವಾರ ನಾನು ಬಾಂದ್ರಾದಲ್ಲಿರುವ ಮಗಳ ಮನೆಗೆ ಹೋಗುತ್ತೇನೆ, ಮೊಮ್ಮಗಳನ್ನು ನೋಡಿಕೊಳ್ಳಲು. ಆ ಗುರುವಾರ ದಾದರಿನಲ್ಲಿ ಗಾಡಿ ಬದಲಿಸಿ ಹೆಂಗಸರ ಡಬ್ಬಿಯಲ್ಲಿ ಹೇಗೋ ಸೀಟು ಸಿಕ್ಕಿ ಕೂತಿದ್ದೆ. ಇವರ ಫೋನು ಬಂತು.

"ಏ, ಗ್ಯಾಸಿನಾಂವ ಬಾಗಲದಾಗ ನಿಂತಾನ. ನಿನ್ನ ಫೋನಿಗೆ ಒಂದು ನಂಬರ್ ಬಂದಿರ್ತದ, ಲಗೂ ಹೇಳು."

ಗ್ಯಾಸಿಗೆ ನನ್ನ ನಂಬರೇ ಕೊಟ್ಟಿದ್ದು. ಸಿಲಿಂಡರ್ ಬಂದಾಗಲೆಲ್ಲ ಹೀಗೆ ನಂಬರ್ ಹೇಳಬೇಕು, ಹೊಸದೇನಲ್ಲ. ಓದುವ ಚಾಳೀಸು ಚೀಲದ ತಳದಲ್ಲಿತ್ತು. ಫೋನನ್ನು ದೂರ ಹಿಡಿದು, ಉಳಿದದ್ದನ್ನು ಓದದೆ, ಅಂಕಿಗಳನ್ನಷ್ಟೇ ಹೇಳಿದೆ. ಗಾಡಿಯ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಇನ್ನೊಮ್ಮೆ, ಇಡೀ ಡಬ್ಬಿಗೆ ಕೇಳುವಂತೆ ಕೂಗಿ ಹೇಳಿದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ನನ್ನ ಮೊಣಕೈ ತಟ್ಟಿದಳು.

"ಮಾವಶಿ, ಓಟಿಪಿ ಅಸಾ ಕುಣಾಲಾ ಸಾಂಗೂ ನಕಾ," ಅಂದಳು. ಹೀಗೆ ಯಾರಿಗೂ ನಂಬರ್ ಹೇಳಬೇಡಿ ಎಂದು.

ನಾನು ನಕ್ಕುಬಿಟ್ಟೆ. "ಘರಚಾಚ್ ಮಾಣೂಸ್ ಆಹೇ," ಅಂದೆ. ಮನೆಯ ಮನುಷ್ಯನೇ, ಕಳ್ಳನಲ್ಲ ಎಂದು. ಅವಳೂ ನಕ್ಕು ಹೂ ಕಟ್ಟುವುದಕ್ಕೆ ತೊಡಗಿದಳು. ಆ ನಗು ನೆನಪಾದಾಗಲೆಲ್ಲ ನನ್ನ ಮೈ ಉರಿದುಹೋಗುತ್ತದೆ.

ಅದಾದ ಮೇಲೆ ಕೆಲವು ಮೆಸೇಜುಗಳು ಬಂದವು. ಬರಲಿಲ್ಲ ಅನ್ನುವುದಿಲ್ಲ. ದಿನಕ್ಕೆ ಇಪ್ಪತ್ತು ಬರುತ್ತವೆ, ಸಾಲ ಬೇಕೇ, ಸೀರೆ ಬೇಕೇ, ಫ್ಲ್ಯಾಟು ಬೇಕೇ ಎಂದು. ನಾನು ಯಾವುದನ್ನೂ ತೆರೆದು ನೋಡಲಿಲ್ಲ. ಆ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಆದರೆ ತೆರೆದು ನೋಡದಿದ್ದದ್ದಕ್ಕೂ, ಮೋಸ ಮಾಡಿದ್ದಕ್ಕೂ ಒಂದೇ ತೂಕವೇ? ಆಮೇಲೆ ಎಲ್ಲರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರಲ್ಲ, ಅದಕ್ಕೆ ನನ್ನ ತಕರಾರು.

ಕಂಪನಿಯ ಸಭೆ ಈಗ ಸಭಾಂಗಣದಲ್ಲಿ ನಡೆಯುವುದಿಲ್ಲ, ಲ್ಯಾಪ್‌ಟಾಪಿನಲ್ಲಿ. ಮೊದಲಿದ್ದ ಸಮೋಸಾ ಡಬ್ಬಿಯೂ ಇಲ್ಲ, ಪಕ್ಕದ ಖುರ್ಚಿಯ ಮುದುಕರ ಹರಟೆಯೂ ಇಲ್ಲ. ಆದರೂ ಸಭೆಯ ದಿನ, ಆ ಗುರುವಾರ ಕಳೆದು ಕೆಲವು ವಾರಕ್ಕೆ, ನಾನು ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಊಟದ ಟೇಬಲ್ಲಿನ ಮುಂದೆ ಕೂತೆ. ಮಾತಾಡುವವರ ಪಟ್ಟಿಗೆ ಹೆಸರು ಸೇರಿಸಿ ಎಂದು ಒಂದು ವಾರ ಮೊದಲೇ ಈ-ಮೇಲ್ ಕಳಿಸಿದ್ದೆ. ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೆ. ಇವರು ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದರು. ನಾನು ಹೇಳದೆಯೇ ಚಹಾಕ್ಕೆ ಇಟ್ಟಿದ್ದಾರಲ್ಲ ಎಂದು ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಭೆಯ ಒಳಗೆ ಹೋಗಲು ನನ್ನ ಷೇರು ಖಾತೆಯ ನಂಬರ್ ಒತ್ತಿದರೆ ಬಾಗಿಲೇ ತೆರೆಯಲಿಲ್ಲ. ಮತ್ತೆ ಒತ್ತಿದೆ. ಇಲ್ಲ. ಸಭೆ ಶುರುವಾಗಲು ಹತ್ತು ನಿಮಿಷ. ಕೆಳಗೆ ಕೊಟ್ಟಿದ್ದ ಸಹಾಯದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ನನ್ನ ವಿವರ ಕೇಳಿ, ಬಹಳ ಮೆತ್ತಗೆ ಹೇಳಿದಳು.

"ಮ್ಯಾಡಮ್, ಆಪ್ ಕಾ ಹೋಲ್ಡಿಂಗ್ ನಿಲ್ ಹೈ. ಆಪ್ ಶೇರ್‌ಹೋಲ್ಡರ್ ನಹೀ ಹೈ."

"ನಿಲ್ ಕೈಸೆ? ಇತನೇ ಸಾಲ್ ಸೇ ಹೈ!"

"ಬಿಕ್ ಗಯೇ ಹೋಂಗೆ, ಮ್ಯಾಡಮ್. ಇಸ್ ಬಾರ್ ಕಾ ಡಿವಿಡೆಂಡ್ ಭೀ ಆಪ್ ಕೇ ನಾಮ್ ಪೇ ನಹೀ ಹೈ. ಏಕ್ ಬಾರ್ ಘರ್ ಮೇ ಪೂಛ್ ಲೀಜಿಯೇ."

ನನ್ನ ಹೆಸರಿನಲ್ಲಿ ಒಂದೂ ಷೇರಿಲ್ಲ, ಮಾರಿಹೋಗಿರಬೇಕು, ಈ ಸಲದ ಡಿವಿಡೆಂಡೂ ಇಲ್ಲ, ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಅವಳಿಗೆ ಹೇಗೆ ಗೊತ್ತು? ನನ್ನಂಥವರು ಎಷ್ಟು ಜನ ಅವಳಿಗೆ ಫೋನ್ ಮಾಡಿರಬೇಕು? ನಾನು ಫೋನ್ ಇಟ್ಟು ಅಡುಗೆಮನೆಯ ಕಡೆ ನೋಡಿದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು. ಇವರು ಇಕ್ಕಳ ಹಿಡಿದು ಗೋಡೆ ನೋಡುತ್ತ ನಿಂತಿದ್ದರು.

"ಮಾರೀರೇನು?" ಅಂದೆ.

"ಮತ್ತ ತಗೋಬೇಕಂತನ ಮಾಡಿದ್ದೆ," ಅಂದರು.

"ಮಾರೀರೇನು ಅಂತ ಕೇಳಿದೆ."

"ಹೂಂ."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಆ ಗುರುವಾರ ಬಾಗಿಲಲ್ಲಿ ಗ್ಯಾಸಿನವನು ನಿಂತಿರಲೇ ಇಲ್ಲ. ರೇಟು ಏರಿತ್ತು, ಬೆಂಚಿನವರು ಈಗಲೇ ಮಾರಿ ಅಂದರು, ನನ್ನ ಪಾಸ್‌ವರ್ಡ್ ಇವರಿಗೆ ಗೊತ್ತಿತ್ತು, ಮಾರಲು ನನ್ನ ಫೋನಿಗೆ ಬಂದ ನಂಬರ್ ಮಾತ್ರ ಬೇಕಾಗಿತ್ತು. ಡಿವಿಡೆಂಡು ಯಾರಿಗೆ ಎಂದು ಕಂಪನಿ ಪಟ್ಟಿ ನೋಡುವ ದಿನ ಸೋಮವಾರ. ಕೊಂಡ ಷೇರು ಖಾತೆಗೆ ಸೇರಲು ಒಂದು ಕೆಲಸದ ದಿನ ಬೇಕು, ಹಾಗಾಗಿ ಆ ಪಟ್ಟಿಯಲ್ಲಿ ಹೆಸರು ಇರಬೇಕಾದರೆ ಶುಕ್ರವಾರದೊಳಗೆ ಕೊಳ್ಳಬೇಕು. ಶುಕ್ರವಾರ ಮಧ್ಯಾಹ್ನ ರೇಟು ಇಳಿದಿತ್ತು, ಬೆಂಚಿನವರು ಹೇಳಿದ ಹಾಗೆಯೇ ಇಳಿದಿತ್ತು.

"ಮತ್ತ ತಗೊಳ್ಳಿಲ್ಯಾಕ?" ಅಂದೆ.

ಇವರು ನನ್ನನ್ನು ನೋಡಿದ ರೀತಿ ನಾನು ಮರೆಯುವುದಿಲ್ಲ. ಇಷ್ಟೂ ತಿಳಿಯುವುದಿಲ್ಲವೇ ಇವಳಿಗೆ, ಅನ್ನುವ ಹಾಗೆ.

"ಶುಕ್ರವಾರ ಇತ್ತಲ್ಲ," ಅಂದರು. "ಅಷ್ಟೊಂದು ದುಡ್ಡು ಶುಕ್ರವಾರ ಹೆಂಗ ಹೊರಗ ಹಾಕ್ಲಿ? ಸೋಮವಾರ ಅಂತ ಬರದಾರಲ್ಲ, ಸೋಮವಾರ ಮುಂಜಾನೆ ತಗೊಂಡ್ರ ಆತು ಅಂದ್ಕೊಂಡೆ."

ಅಬಬಬ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಕೂಗಿಯೇಬಿಟ್ಟೆ. "ಗುರುವಾರ ನನ್ನ ಷೇರು ಹೊರಗ ಹೋದಾಗ ನಿಮ್ಮ ಲಕ್ಷ್ಮಿ ಹೋಗಲಿಲ್ಲೇನು? ಅಕಿ ಬರೀ ನೋಟಿನ್ಯಾಗ ಇರ್ತಾಳೇನು? ಹೆಂಡ್ತಿಗೆ ಸುಳ್ಳು ಹೇಳಿ ಅಕಿ ದುಡಿದಿದ್ದನ್ನ ಮಾರೋವಾಗ ವಾರ ನೋಡಂಗಿಲ್ಲ, ತಿರುಗಿ ತಗೊಳ್ಳೋವಾಗ ನೋಡ್ತೀರಿ. ಎಲ್ಲೀ ಶಾಸ್ತ್ರ ಇದು? ನಿಮ್ಮ ಅವ್ವ ಬದುಕಿದ್ರ ನಿಮ್ಮ ಕಿವಿ ಹಿಂಡತಿದ್ರು!"

ಸೋಮವಾರ ಕಂಪನಿಗೆ ದೊಡ್ಡ ಆರ್ಡರ್ ಸಿಕ್ಕಿದ ಸುದ್ದಿ ಬಂದು ರೇಟು ನೆಗೆಯಿತಂತೆ. ಆಗ ಕೊಂಡರೆ ಮೊದಲಿಗಿಂತ ಕಡಿಮೆ ಷೇರು ಬರುತ್ತದೆ. ಇಳಿಯಲಿ, ಆಮೇಲೆ ಕೊಳ್ಳೋಣ ಎಂದು ಇವರು ಕಾದರು. ಮಂಗಳವಾರ ಕಾದರು, ಬುಧವಾರ ಕಾದರು. ಅದು ಇಳಿಯಲೇ ಇಲ್ಲ. ಇವರು ಬೆಂಚಿನ ಮೇಲೆ ಕೂತು ಅದರ ದಾರಿ ಕಾಯುತ್ತ, ಮನೆಗೆ ಬಂದು ನನ್ನ ಕೈಯ ಭಕ್ರಿ ಉಣ್ಣುತ್ತ, ಒಂದು ಮಾತೂ ಬಾಯಿ ಬಿಡದೆ ವಾರಗಟ್ಟಲೆ ಇದ್ದರು. ಆ ವಾರಗಳಲ್ಲಿ ನಾನು ಇವರ ಮುಂದೆಯೇ ನನ್ನ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದೆ. "ಇಂಗ್ಲಿಷ್ ಛಲೋ ಆಗೇದ," ಅಂದಿದ್ದರು! ಷೇರು ಮಾರಿದ್ದಕ್ಕಿಂತ ಈ ಒಂದು ಮಾತಿಗೆ ನನಗೆ ಹೆಚ್ಚು ಸಿಟ್ಟಿದೆ.

ಆ ದಿನದ ಸಭೆ ನಾನಿಲ್ಲದೆ ನಡೆಯಿತು. ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲವಂತೆ. ಊಟದ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ಯಾರೂ ಉತ್ತರ ಕೊಡಲಿಲ್ಲ. ಗೆಳತಿ ಸಂಜೆ ಫೋನ್ ಮಾಡಿ, "ಏನಂದ್ರು?" ಎಂದು ಕೇಳಿದಳು. ಏನು ಹೇಳಲಿ? ನೆಟ್‌ವರ್ಕ್ ಇರಲಿಲ್ಲ ಅಂದೆ. ಇವರ ಮಾನ ಉಳಿಸಲು ನಾನೂ ಸುಳ್ಳು ಹೇಳಿದೆ. ಥೂ, ನಮ್ಮ ಜನ್ಮಕ್ಕಿಷ್ಟು!

ಮರುದಿನ ಬೆಂಚಿನ ಮಹನೀಯರು ಲಿಫ್ಟಿನ ಹತ್ತಿರ ಸಿಕ್ಕರು. ಸುದ್ದಿ ಅವರಿಗೆ ತಲುಪಿತ್ತು. "ನಾನು ಹೇಳಿದ್ದೆ ಕಣಮ್ಮ, ಶುಕ್ರವಾರಾನೇ ತಗೊಳ್ಳಿ ಅಂತ. ಸಾರ್ ಕೇಳ್ಲಿಲ್ಲ. ಟೈಮಿಂಗ್ ತಪ್ಪೋಯ್ತು," ಅಂದರು.

"ಮಾರ್ರಿ ಅನ್ನೋವಾಗ ಷೇರು ಯಾರ ಹೆಸರಿನ್ಯಾಗ ಅದ ಅಂತ ಕೇಳಿದ್ರೇನು?" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು... ಮನೇದೇ ಅಲ್ವಾ ಅಂತ..."

"ಮನೀದಲ್ರಿ. ನಂದು."

ಲಿಫ್ಟು ಬಂತು. ಅವರು ಮೆಟ್ಟಿಲಲ್ಲಿ ಹೋದರು.

ಭಾನುವಾರ ಮಗಳು ಬಂದಳು. ಅವಳ ಕನ್ನಡ ನಾಲ್ಕು ಹೆಜ್ಜೆ ಇಟ್ಟು ಹಿಂದಿಗೆ ಹಾರುತ್ತದೆ. "ಅವ್ವಾ, ಪಪ್ಪಾಂದು ಇಂಟೆನ್ಶನ್ ತೋ ಅಚ್ಛಾ ಥಾ ನಾ. ನಿನಗ ಸರ್‌ಪ್ರೈಸ್ ಕೊಡಬೇಕು ಅಂತ. ಔರ್ ನಂಬರ್ ನೀನ ತೋ ಬತಾಯಾ," ಅಂದಳು. ಪಪ್ಪನ ಉದ್ದೇಶ ಒಳ್ಳೆಯದೇ ಇತ್ತು, ನಂಬರ್ ಹೇಳಿದ್ದೂ ನೀನೇ ಎಂದು. ನಾನು ಅವಳನ್ನು ನೋಡಿದೆ. "ನಿನ್ನ ಸಂಬಳ ನಿನ್ನ ಗಂಡ ನಿನಗೆ ಹೇಳದೆ ತೆಗೆದು, ಸರ್‌ಪ್ರೈಸ್ ಅಂದ್ರ ಏನು ಮಾಡ್ತಿ?" ಎಂದು ಕೇಳಿದೆ. ಅವಳು ಲ್ಯಾಪ್‌ಟಾಪು ತೆಗೆದು, ಪಾಸ್‌ವರ್ಡ್ ಬದಲಿಸುವುದು ಹೇಗೆ, ಕೊಳ್ಳುವುದು ಹೇಗೆ ಎಂದು ಮಧ್ಯಾಹ್ನವಿಡೀ ನನಗೆ ಕಲಿಸಿದಳು. ಮಾರಿದ ದುಡ್ಡು ನನ್ನ ಖಾತೆಯಲ್ಲೇ ಬಿದ್ದಿತ್ತು, ಅದರಲ್ಲಿ ತೆರಿಗೆಗೆ ಎಷ್ಟು ತೆಗೆದಿಡಬೇಕು ಎಂದೂ ಹೇಳಿದಳು. ಅದೊಂದು ಬೇರೆ! ನಾನು ಮಾರದ ಷೇರಿಗೆ ತೆರಿಗೆ ಕಟ್ಟಬೇಕಾದವಳೂ ನಾನೇ.

ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಕಡಿಮಿ ಬಿದ್ದಿದ್ದಕ್ಕ ನನ್ನ ಎಫ್‌ಡಿ ಮುರಿದು ಕೊಡ್ತೀನಿ. ಮೊದ್ಲು ಎಷ್ಟಿದ್ದುವೋ ಅಷ್ಟ ತಗೋ," ಅಂದರು. ಧ್ವನಿ ಸಣ್ಣಗಿತ್ತು. ಒಂದು ಕ್ಷಣ ಪಾಪ ಅನಿಸಿತು, ಅನಿಸಲಿಲ್ಲ ಎನ್ನುವುದಿಲ್ಲ. ಆದರೂ ಬೇಡ ಅಂದೆ. ಓವರ್‌ಟೈಮಿನ ದುಡ್ಡಿನಲ್ಲಿ ಬಂದದ್ದು ಅದು. ಅದರಲ್ಲಿ ಇವರದು ಒಂದು ರೂಪಾಯಿ ಸೇರಿದರೂ ನಾಳೆ ಮತ್ತೆ ಅದು "ಮನೇದು" ಆಗುತ್ತದೆ.

ಕಾಯುವುದು ಬೇಡ, ಇಳಿದಾಗ ಇಳಿಯಲಿ, ಏರಿದಾಗ ಏರಲಿ ಎಂದು ತೀರ್ಮಾನಿಸಿದೆ. ವಾರ ಮಾತ್ರ ನೋಡಿದೆ. ಶುಕ್ರವಾರವನ್ನೇ ಆರಿಸಿದೆ. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಲಕ್ಷ್ಮಿಯ ಫೋಟೋಗೆ ನಾಲ್ಕು ಮಲ್ಲಿಗೆ ಏರಿಸಿದೆ. ತಾಯೀ, ನೀನೂ ಹೆಂಗಸು, ನಿನಗೆ ತಿಳಿಯುತ್ತದೆ ಅಂದೆ. ಆಮೇಲೆ ಕ್ಯಾಲೆಂಡರ್ ನೋಡಿದೆ. ರಾಹುಕಾಲ ಹತ್ತೂವರೆಗೆ ಹತ್ತುತ್ತದೆ. ಮುರಿಯುವುದಿದ್ದರೆ ಪೂರ್ತಿ ಮುರಿಯೋಣ ಎಂದು, ಅದು ಹತ್ತುವವರೆಗೂ ಬೇಳೆ ಆರಿಸುತ್ತ ಕಾದೆ. ಆಮೇಲೆ ಟೇಬಲ್ಲಿನ ಮುಂದೆ ಕೂತು, ಚಾಳೀಸು ಹಾಕಿಕೊಂಡು, ಲ್ಯಾಪ್‌ಟಾಪು ತೆರೆದೆ.

ಮೊದಲಿದ್ದಷ್ಟು ಷೇರು ಬರುವುದಿಲ್ಲ ಎಂದು ಗೊತ್ತಿತ್ತು. ಆದರೆ ಮುಂದಿನ ಸಭೆಯಲ್ಲಿ ಪ್ರಶ್ನೆ ಕೇಳಲು ಒಂದಿದ್ದರೂ ಸಾಕು. ಡಿವಿಡೆಂಡು ಕಡಿಮೆ ಬಂದರೆ ಕಡಿಮೆ ಬರಲಿ, ಖರ್ಚು ಮಾಡುವವಳು ನಾನು. ಪೆಟ್ಟಿಗೆಯ ಮೇಲೆ ಕೂತು ಉಣ್ಣುವ ಹೆಂಗಸರು ಇನ್ನೂ ಒಂದು ವರ್ಷ ಕಾಯಬೇಕಾಯಿತಲ್ಲ, ನನ್ನ ನಿಜವಾದ ನಷ್ಟ ಅದು.

ಇವರು ಎದುರಿನ ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದರು. ಪುಟ ತಿರುಗಿಸುವ ಸದ್ದು ಬಹಳ ಹೊತ್ತಿನಿಂದ ಬಂದಿರಲಿಲ್ಲ. ನಾನು ಪಾಸ್‌ವರ್ಡ್ ಒತ್ತಿದೆ. ಟೇಬಲ್ಲಿನ ಮೇಲಿದ್ದ ನನ್ನ ಫೋನು ಗುರ್ ಎಂದು ನಡುಗಿತು.

"ನಂಬರ್ ಬಂತೇನು? ಏನಂತದು?" ಅಂದರು.

ನಾನು ಮೆಸೇಜನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆಮೇಲೆ ಫೋನನ್ನು ಬೋರಲು ಹಾಕಿದೆ.

"ಗ್ಯಾಸಿಂದು," ಅಂದೆ.

ಇವರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ.